ಪತಂಗ ನೋಡಬೇಕಾ? ಒಂದು ಬಿಳಿ ಬಟ್ಟೆ ಸಾಕು

ಬೇಸಿಗೆಯ ರಾತ್ರಿ ಪತಂಗ ನೋಡಲು ದೊಡ್ಡ ಸಲಕರಣೆ ಏನೂ ಬೇಡ. ಬಿಳಿ ಬಟ್ಟೆಯೊಂದನ್ನು ಹಗ್ಗಕ್ಕೆ ಇಳಿಬಿಟ್ಟು, ಮುಂದೆ ದೀಪ ಹಚ್ಚಿ, ಒಂದೆರಡು ಗಂಟೆ ಕಾಯಿರಿ. ಹಳದಿ ಬಲ್ಬಿಗಿಂತ ನೇರಳಾತೀತ ಬೆಳಕಿಗೆ ಜಾಸ್ತಿ ಬರುತ್ತವೆ (ಆ ದೀಪವನ್ನು ಮಾತ್ರ ದಿಟ್ಟಿಸಿ ನೋಡಬೇಡಿ). ಬೆಳದಿಂಗಳಿದ್ದರೆ ಸುಮ್ನೆ ನಿದ್ದೆ ಹಾಳು. ಮೋಡ ಕವಿದು, ಗಾಳಿಯಿಲ್ಲದೆ ಸೆಕೆಯಾಗುವ ರಾತ್ರಿಯೇ ಒಳ್ಳೆಯದು.

ಗುರುತಿಸುವಾಗ ಎಲ್ಲರೂ ಮೊದಲು ಬಣ್ಣ ನೋಡುತ್ತಾರೆ, ನಾನೂ ಹಾಗೇ ಮಾಡಿ ಎಷ್ಟೋ ಸಲ ಮೋಸ ಹೋಗಿದ್ದೇನೆ, ಯಾಕಂದ್ರೆ ವಯಸ್ಸಾದ ಪತಂಗದ ರೆಕ್ಕೆಯ ಪುಡಿ ಉದುರಿ ಬಣ್ಣವೇ ಮಾಸಿರುತ್ತದೆ. ಕೂತ ಭಂಗಿ ನೋಡಿ. ಹಾಕ್ ಮಾತ್ ಎಂಬ ದಪ್ಪ ಮೈಯ ಪತಂಗ ರೆಕ್ಕೆಯನ್ನು ಹಿಂದಕ್ಕೆ ಚಾಚಿ ಜೆಟ್ ವಿಮಾನದ ಥರ ಕೂರುತ್ತದೆ. ಜಿಯೋಮೆಟ್ರಿಡ್ ಗುಂಪಿನ ಪತಂಗಗಳು (ಇವುಗಳ ಮರಿಹುಳು ಗೇಣು ಹಾಕಿದಂತೆ ನಡೆಯುತ್ತದೆ) ಹೆಚ್ಚಾಗಿ ರೆಕ್ಕೆ ಹರಡಿ ಬಟ್ಟೆಗೆ ಅಂಟಿಕೊಂಡಂತೆ ಇರುತ್ತವೆ. ಮೀಸೆಯನ್ನೂ (ತಲೆಯ ಮೇಲಿನ ಆಂಟೆನಾ) ನೋಡಿ. ಚಿಟ್ಟೆಯ ಮೀಸೆಗೆ ತುದಿಯಲ್ಲಿ ಗುಂಡು ಇರುತ್ತದೆ ಅಲ್ವಾ, ಪತಂಗದ್ದು ಸಾಮಾನ್ಯವಾಗಿ ದಾರದ ಹಾಗೆ ಅಥವಾ ಗರಿಯ ಹಾಗೆ. ಗರಿ ದಟ್ಟವಾಗಿದ್ದರೆ ಅದು ಬಹುತೇಕ ಗಂಡು, ಹೆಣ್ಣಿನ ವಾಸನೆ ಹಿಡಿಯಲು ಆ ಏರ್ಪಾಡು.

ಫೋಟೋ ಮೇಲಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಅಳತೆಗೆ ಸ್ಕೇಲ್ ಇಡಿ. ಮುಗಿದ ಮೇಲೆ ದೀಪ ಆರಿಸಿ, ಬಟ್ಟೆಯನ್ನು ಗಿಡದ ಮೇಲೆ ಮೆಲ್ಲಗೆ ಕೊಡವಿ. ಹಾಗೇ ಬಿಟ್ಟರೆ ಬೆಳಿಗ್ಗೆ ಹಕ್ಕಿಗಳಿಗೆ ಹಬ್ಬ.