ಸಣ್ಣ ಮಕ್ಕಳ ಮುಂದೆ ನರಕದ ಮಾತು: ಕಥೆಯ ತರಗತಿಯಲ್ಲಿ ನಾನು ಹಿಡಿದ ಕ್ರಮ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ನಾಲ್ಕು ವರ್ಷದ ಕೂಸಿಗೂ ನರಕ ಗೊತ್ತಿರುತ್ತದೆ. ಯಾರೂ ಕೂಡಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. "ಸುಳ್ಳ ಹೇಳಿದ್ರ ಯಮ ನಾಲಿಗಿ ಕೀಳತಾನ", "ಅನ್ನ ಚೆಲ್ಲಿದ್ರ ಎಣ್ಣಿ ಕೊಪ್ಪರಿಗ್ಯಾಗ ಹಾಕ್ತಾರ" ಅಂತ ಉಣ್ಣುವಾಗ, ಮಲಗುವಾಗ ಕಿವಿಗೆ ಬಿದ್ದ ಮಾತೇ ಸಾಕಾಗುತ್ತದೆ. ಉಳಿದದ್ದನ್ನು ಈಗ ಮೊಬೈಲು ತುಂಬಿಕೊಡುತ್ತದೆ. ಗರುಡ ಪುರಾಣದ ಹೆಸರಿನ ಕಾರ್ಟೂನುಗಳಲ್ಲಿ ಕುಂಭೀಪಾಕ, ರೌರವ ಎಂಬ ನರಕಗಳೆಲ್ಲ ಬಣ್ಣ ಬಣ್ಣವಾಗಿ ಕುದಿಯುತ್ತಿರುತ್ತವೆ. ರವಿವಾರದ ಕಥೆಯ ತರಗತಿಗೆ ಮಗು ಬರುವುದು ಇಷ್ಟನ್ನು ತಲೆಯಲ್ಲಿ ಇಟ್ಟುಕೊಂಡೇ. ಹಾಗಾಗಿ ಹೇಳಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಒಳಗೆ ಹೋಗಿರುವುದನ್ನು ಏನು ಮಾಡಬೇಕು ಎಂಬುದೇ ದೊಡ್ಡ ಕೆಲಸ.

ನನ್ನ ನಿಲುವು ಇಷ್ಟು: ನರಕ ಕಥೆಯಲ್ಲಿ ಬರಲಿ, ಆದರೆ ಕೇಳುತ್ತಿರುವ ಮಗುವಿನ ಕಡೆ ಬೆರಳು ಮಾಡಿ ಅದನ್ನು ಹೇಳಬಾರದು. ಮಗುವನ್ನು ಹದ್ದುಬಸ್ತಿನಲ್ಲಿಡಲು ನರಕ ಬಳಸುವವರು ಕಾಣುತ್ತಿರುವ ಬೆತ್ತದ ಬದಲು ಕಾಣದ ಬೆತ್ತ ಹಿಡಿದಿರುತ್ತಾರೆ, ಅಷ್ಟೇ. ಕಾಣುವ ಬೆತ್ತಕ್ಕಾದರೂ ಹೊಡೆದು ಮುಗಿಯಿತು ಎಂಬ ಹೊತ್ತು ಇರುತ್ತದೆ.

ಏಳು ವರ್ಷದೊಳಗಿನವರ ವಿಷಯದಲ್ಲಿ ಬಿಗಿಯಾಗಿರಲು ಕಾರಣವಿದೆ. ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಮುಂದೆ ಇಬ್ಬರು ಹುಡುಗರ ಕಥೆ ಇಟ್ಟ. ಒಬ್ಬ ಬಾಗಿಲು ತಳ್ಳಿದಾಗ ಹಿಂದೆ ಇದ್ದ 15 ಕಪ್ಪು ಅವನಿಗೆ ಗೊತ್ತಿಲ್ಲದೆ ಒಡೆದವು. ಇನ್ನೊಬ್ಬ ಅವ್ವ ಇಲ್ಲದಾಗ ಜಾಮು ಕದಿಯಲು ಹೋಗಿ ಒಂದು ಕಪ್ಪು ಒಡೆದ. ಸಣ್ಣ ಮಕ್ಕಳು ಹೆಚ್ಚಾಗಿ 15 ಒಡೆದವನೇ ಕೆಟ್ಟವ ಅಂದರು. ಜಾಮಿನ ಬದಲು ಶೇಂಗಾ ಉಂಡಿಯ ಡಬ್ಬಿ, ಬಾಗಿಲ ಹಿಂದೆ ಬೀಗರಿಗೆಂದು ಇಟ್ಟ ಚಹಾದ ಕಪ್ಪು ಅಂತ ಮಾಡಿಕೊಂಡು ನಮ್ಮ ತರಗತಿಯಲ್ಲೂ ಕೇಳಬಹುದು. ಐದು ವರ್ಷದವರು ಕಪ್ಪು ಎಣಿಸುತ್ತಾರೆ, ಒಂಬತ್ತು ವರ್ಷದವರು ಉದ್ದೇಶ ಕೇಳುತ್ತಾರೆ. ಎಣಿಸುವ ವಯಸ್ಸಿನ ಮಗುವಿಗೆ ಚಿತ್ರಗುಪ್ತನ ಲೆಕ್ಕದ ಪುಸ್ತಕ ಹೇಳಿಕೊಟ್ಟರೆ ಹಾಲು ಚೆಲ್ಲಿದ್ದು, ಹಾಸಿಗೆ ಒದ್ದೆಯಾದದ್ದು, ಸಿಟ್ಟಿನಲ್ಲಿ ತಮ್ಮನಿಗೆ ಮನಸ್ಸಿನಲ್ಲೇ "ಸಾಯಿ" ಅಂದದ್ದು ಎಲ್ಲವೂ ಪಾಪದ ಖಾತೆಗೆ ಜಮಾ ಆಗುತ್ತವೆ. ಅದೇ ವಯಸ್ಸಿನಲ್ಲಿ ಶಿಕ್ಷೆ ತಾನಾಗಿ ಬಂದು ಬೀಳುತ್ತದೆ ಎಂಬ ನಂಬಿಕೆಯೂ ಇರುತ್ತದೆ. ಎಡವಿ ಮೊಣಕಾಲು ಕೆತ್ತಿದರೆ ಮುಂಜಾನೆ ಹೇಳಿದ ಸುಳ್ಳಿಗೆ ಅಂತ ಲೆಕ್ಕ ಹಾಕುತ್ತವೆ. ಸಾವು ಎಂದರೆ ತಿರುಗಿ ಬಾರದ್ದು ಎಂಬುದು ಗಟ್ಟಿಯಾಗುವುದೇ ಐದರಿಂದ ಏಳು ವರ್ಷದ ನಡುವೆ. ಅಲ್ಲಿಯವರೆಗೆ "ಸತ್ತ ಮ್ಯಾಲೆ" ಎಂಬ ಮಾತಿಗೆ ಅರ್ಥವಿಲ್ಲ. ನರಕ ಇವತ್ತು ರಾತ್ರಿಯೇ, ಮಂಚದ ಕೆಳಗೇ.

ಮನೆಯ ಹಿರಿಯರಿಗೆ ಪಿಯಾಜೆ ಬೇಕಾಗಿಲ್ಲ. ಅವರಿಗೆ ಮಾಂಡವ್ಯ ಋಷಿ ಸಾಕು. ಗದುಗಿನ ಭಾರತ ಕೇಳಿ ಬೆಳೆದ ಅಜ್ಜಿಯರಿಗೆ ವಿದುರ ಯಾರು ಅಂತ ಹೇಳಬೇಕಿಲ್ಲ, ವಿದುರ ಯಾಕೆ ಹುಟ್ಟಿದ ಅಂತ ನೆನಪಿಸಿದರೆ ಸಾಕು. ವ್ಯಾಸಭಾರತದ ಆದಿಪರ್ವದಲ್ಲಿ ಬರುವ ಪ್ರಸಂಗ ಅದು. ಮಾಡದ ಕಳ್ಳತನಕ್ಕೆ ಶೂಲಕ್ಕೇರಿದ ಮಾಂಡವ್ಯ ಯಮಧರ್ಮನ ಹತ್ತಿರ ಹೋಗಿ ಕಾರಣ ಕೇಳುತ್ತಾನೆ. ಸಣ್ಣವನಿದ್ದಾಗ ಹುಳಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದಕ್ಕೆ ಈ ಫಲ ಅಂತ ಯಮ ಹೇಳುತ್ತಾನೆ. ಅಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಋಷಿ ಯಮನಿಗೇ ಶಾಪ ಕೊಡುತ್ತಾನೆ. ಯಮ ವಿದುರನಾಗಿ ಹುಟ್ಟಬೇಕಾಗುತ್ತದೆ. ಜೊತೆಗೆ ಋಷಿ ಒಂದು ಕಟ್ಟಳೆ ಹಾಕುತ್ತಾನೆ: 14 ವರ್ಷದವರೆಗೆ ಮಾಡಿದ್ದು ಪಾಪವಲ್ಲ. ಅಂದರೆ ಮಗುವನ್ನು ಶಿಕ್ಷಿಸಿದ ತಪ್ಪಿಗೆ ದಂಡ ತೆತ್ತವನು ಯಮನೇ. ಮುಸ್ಲಿಂ ಮನೆಗಳಲ್ಲಿ ಇದನ್ನು ಬೇರೆ ರೀತಿಯಲ್ಲಿ ನೆನಪಿಸಬೇಕು: ಮಗು ಬಾಲಿಗ್ ಆಗುವವರೆಗೆ, ಅಂದರೆ ಪ್ರಾಯಕ್ಕೆ ಬರುವವರೆಗೆ, ಕಲಮು ಎತ್ತಿಟ್ಟಿರುತ್ತದೆ, ಪಾಪ ಬರೆಯುವುದಿಲ್ಲ ಎಂಬುದು ಪ್ರವಾದಿಯ ಮಾತುಗಳ ಸಂಗ್ರಹವಾದ ಹದೀಸಿನಲ್ಲೇ ಇದೆ. ಕ್ಯಾಥೊಲಿಕರ ಧರ್ಮಸಂಹಿತೆಯಲ್ಲಿ ವಿವೇಕ ಬಂದಿದೆ ಎಂದು ಹಿಡಿಯುವುದು ಏಳು ವರ್ಷ ತುಂಬಿದ ಮೇಲೆ. ಐದು ವರ್ಷದ ಕೂಸಿಗೆ ಕೊಪ್ಪರಿಗೆ ತೋರಿಸುವವರು ತಮ್ಮ ಶಾಸ್ತ್ರವನ್ನೇ ಮೀರಿ ಹೋಗಿರುತ್ತಾರೆ. ಹಿರಿಯರ ಜೊತೆ ಮಾತು ಗಟ್ಟಿಯಾಗಿ ನಿಲ್ಲುವುದು ಈ ನೆಲದ ಮೇಲೆ. "ಮಕ್ಕಳ ಮನಸ್ಸಿಗೆ ಪೆಟ್ಟಾಗ್ತದ" ಅಂತ ಶುರು ಮಾಡಿದರೆ "ನಮಗೂ ಹಂಗ ಹೇಳಿದ್ರು, ಏನ್ ಆಗೇತಿ?" ಎಂಬಲ್ಲಿಗೆ ಮುಗಿದುಹೋಗುತ್ತದೆ.

ಇನ್ನು ತರಗತಿ. ಹನ್ನೆರಡರಿಂದ ಹದಿನೈದು ಮಕ್ಕಳು, ನಲವತ್ತು ನಿಮಿಷ, ಮುಂಜಾನೆಯ ಹೊತ್ತು. ಸಂಜೆ ಈ ವಿಷಯ ಮುಟ್ಟುವುದಿಲ್ಲ, ಯಾಕೆಂದರೆ ಮುಂದಿನದು ಊಟ, ಅದರ ಮುಂದಿನದು ನಿದ್ದೆ. ಜಮಖಾನದ ಮೇಲೆ ಸುತ್ತಾಗಿ ಕೂಡಿಸುತ್ತೇನೆ. ಎದುರು ನಿಂತು ಹೇಳಿದರೆ ಹೇಳುವವರೇ ಯಮನ ಹಾಗೆ ಕಾಣುತ್ತಾರೆ.

ಏಳರೊಳಗಿನವರಿಗೆ ನರಕ ನಾನಾಗಿ ತೆಗೆಯುವುದಿಲ್ಲ, ಯಮನನ್ನು ಮಾತ್ರ ಪರಿಚಯಿಸುತ್ತೇನೆ, ಅದೂ ನಚಿಕೇತನ ಕಥೆಯಿಂದ. ಕಠೋಪನಿಷತ್ತಿನ ಯಮ ಮನೆಯಲ್ಲಿ ಇಲ್ಲದಾಗ ಹುಡುಗ ಮೂರು ರಾತ್ರಿ ಉಪವಾಸ ಬಾಗಿಲಲ್ಲಿ ಕಾಯುತ್ತಾನೆ. ಬಂದ ಯಮ ಅತಿಥಿಯನ್ನು ಕಾಯಿಸಿದ್ದಕ್ಕೆ ನಮಸ್ಕಾರ ಮಾಡಿ ಮೂರು ವರ ಕೊಡುತ್ತಾನೆ. ಹುಡುಗನಿಗೆ ಕೈಮುಗಿಯುವ ಯಮ ಒಮ್ಮೆ ಮಗುವಿನ ತಲೆಯಲ್ಲಿ ಕೂತರೆ ನಾಲಿಗೆ ಕೀಳುವ ಯಮನಿಗೆ ಜಾಗ ಕಡಿಮೆಯಾಗುತ್ತದೆ.

ಏಳರಿಂದ ಹತ್ತರವರಿಗೆ ಮೊದಲು ಚಿತ್ರ. ಅರ್ಧ ಡ್ರಾಯಿಂಗ್ ಹಾಳೆ, ಎಣ್ಣೆ ಬಣ್ಣದ ಕಡ್ಡಿ, ಹತ್ತು ನಿಮಿಷ. "ನರಕದ ಬಗ್ಗೆ ನೀವು ಏನು ಕೇಳೀರಿ, ಅದನ್ನ ತೆಗೀರಿ" ಅಷ್ಟೇ ಹೇಳುವುದು. ಆಮೇಲೆ ಎರಡೇ ಪ್ರಶ್ನೆ: "ಇಂವ ಯಾರು?" ಮತ್ತು "ಹೊರಗ ಯಾವಾಗ ಬರ್ತಾನ?" ಕೊಪ್ಪರಿಗೆಯಲ್ಲಿ ಕಳ್ಳನೋ ರಾಕ್ಷಸನೋ ಇದ್ದರೆ ಚಿಂತೆ ಇಲ್ಲ. ತನ್ನನ್ನೋ, ಮನೆಯವರನ್ನೋ ಬರೆದ ಮಗುವಿನ ಜೊತೆ ಬೇರೆಯಾಗಿ ಮಾತಾಡಬೇಕು. "ಬರೂದೇ ಇಲ್ಲ" ಎಂಬ ಉತ್ತರ ಬಂದರೂ ಹಾಗೇ. "ನಿನಗ ಅಂಜಿಕಿ ಆಗ್ತದೇನು?" ಅಂತ ಮಾತ್ರ ಕೇಳಬಾರದು. ಹಾಗೆ ಕೇಳಿದರೆ ಅಂಜದವರೂ ಅಂಜಬೇಕೇನೋ ಎಂದುಕೊಳ್ಳುತ್ತಾರೆ. ಗಂಡು ಹುಡುಗರಂತೂ ಇಲ್ಲ ಎಂದೇ ಹೇಳುತ್ತಾರೆ.

ಆಮೇಲೆ ಹೊರಬರುವ ದಾರಿ. ಭಾಗವತದ ಐದನೆಯ ಸ್ಕಂಧ 28 ನರಕಗಳ ಹೆಸರು ಹೇಳುತ್ತದೆ, ಜೈನರು ಏಳು ನರಕಭೂಮಿ ಹೇಳುತ್ತಾರೆ. ಎರಡರಲ್ಲೂ ಅಲ್ಲಿನ ವಾಸಕ್ಕೆ ಕೊನೆ ಇದೆ. ಈ ಮಾತನ್ನು ಎಣ್ಣೆ ಕೊಪ್ಪರಿಗೆ ಹೇಳುವವರು ಬಿಟ್ಟೇಬಿಡುತ್ತಾರೆ. ನರಕ ಇದೆಯೋ ಇಲ್ಲವೋ ಎಂದು ಮಗು ನೇರವಾಗಿ ಕೇಳಿದರೆ ನನ್ನ ಉತ್ತರದಲ್ಲಿ ಮೂರು ತುಂಡು: "ಹಿಂದಿನವರು ಹಿಂಗ ಹೇಳ್ಯಾರ. ಯಾರೂ ಕಣ್ಣಾರೆ ನೋಡಿಕೊಂಡು ಬಂದು ಹೇಳಿಲ್ಲ. ನಿನ್ನಂಥ ಸಣ್ಣವರ ಲೆಕ್ಕ ಅಲ್ಲಿ ಬರಿಯೂದಿಲ್ಲ." ಮೂರನೆಯ ತುಂಡು ಬಿಟ್ಟರೆ ಮೊದಲ ಎರಡರಿಂದ ಮಗುವಿಗೆ ಏನೂ ಸಮಾಧಾನ ಇಲ್ಲ. "ಅದೆಲ್ಲ ಸುಳ್ಳು" ಅಂತ ಹೇಳುವುದಿಲ್ಲ. ಹೇಳಿದರೆ ಸಂಜೆ ಮಗು ಮನೆಯಲ್ಲಿ "ಆಯಿ ಸುಳ್ಳ ಹೇಳ್ತಾಳ" ಅನ್ನುತ್ತದೆ, ಮುಂದಿನ ವಾರ ಮಗು ಬರುವುದಿಲ್ಲ. ಅದಕ್ಕಿಂತ ಮುಖ್ಯ, ಮನೆಯ ನಂಬಿಕೆ ಕೀಳುವ ಅಧಿಕಾರ ನನಗಿಲ್ಲ. ಭಾರತ 1992ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಮಗುವಿಗೆ ಧರ್ಮದ ಸ್ವಾತಂತ್ರ್ಯ ಕೊಟ್ಟು, ದಾರಿ ತೋರುವ ಹಕ್ಕನ್ನು ತಂದೆತಾಯಿಗೆ ಕೊಡುತ್ತದೆ. ಆದರೆ ಮಗುವಿನ ಬೆಳೆಯುತ್ತಿರುವ ಶಕ್ತಿಗೆ ತಕ್ಕಂತೆ ಎಂಬ ಕಟ್ಟು ಹಾಕಿ. ನಾನು ನಿಲ್ಲುವುದು ಆ ಕಟ್ಟಿನ ಮೇಲೆ.

ಅತಿ ಕಠಿಣ ಪ್ರಶ್ನೆ ಸತ್ತವರದು. "ನಮ್ಮಜ್ಜ ಸೆರೆ ಕುಡೀತಿದ್ದ. ನರಕಕ್ಕ ಹೋಗ್ಯಾನೇನ್ರಿ ಅಕ್ಕಾರ?" ಇಂಥದಕ್ಕೆ ಮೂರು ತುಂಡಿನ ಉತ್ತರ ನಡೆಯುವುದಿಲ್ಲ, ಅಜ್ಜ ಸಣ್ಣವನಲ್ಲ. ಅಜ್ಜ ಕುಡಿಯುತ್ತಿದ್ದುದು ನಿಜ, ನಿನ್ನನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದ್ದೂ ನಿಜ, ಒಂದೇ ತಪ್ಪು ನೋಡಿ ಮನುಷ್ಯನ ಲೆಕ್ಕ ಯಾರೂ ಹಾಕುವುದಿಲ್ಲ ಎಂದು ಮಗುವಿಗೆ ಗೊತ್ತಿರುವ ಒಳ್ಳೆಯದನ್ನು ಅದರ ಬಾಯಿಂದಲೇ ಹೇಳಿಸಬೇಕು. ತಿಥಿಯ ಮನೆಗಳಲ್ಲಿ ಹತ್ತು ಹದಿಮೂರು ದಿನ ಗರುಡ ಪುರಾಣ ಓದಿಸುವ ಪದ್ಧತಿ ಇದ್ದರೆ, ಓದುವ ಹೊತ್ತಿಗೆ ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿ ಎಂದು ಮೊದಲೇ ಹೇಳಿಟ್ಟಿರುತ್ತೇನೆ. ಹೋದವರ ನೆನಪು ಇನ್ನೂ ಹಸಿಯಾಗಿರುವಾಗ ವೈತರಣಿಯ ವರ್ಣನೆ ಕೇಳಿದ ಮಗು ಆ ನದಿಯಲ್ಲಿ ತನ್ನವರನ್ನೇ ಕಾಣುತ್ತದೆ.

ಹನ್ನೊಂದು ದಾಟಿದವರ ಜೊತೆ ಕೆಲಸ ಸಲೀಸು, ವಾದ ಮಾಡಬಹುದು. ಮಹಾಭಾರತದ ಸ್ವರ್ಗಾರೋಹಣ ಪರ್ವದ ಧರ್ಮರಾಯ ತಮ್ಮಂದಿರು ನರಕದಲ್ಲಿದ್ದಾರೆ ಎಂದು ಗೊತ್ತಾದ ಮೇಲೆ ನಾನೂ ಇಲ್ಲೇ ಇರುತ್ತೇನೆ ಅನ್ನುತ್ತಾನೆ. ಅವನ ಮೈಗಾಳಿಯಿಂದ ಅಲ್ಲಿದ್ದವರಿಗೆ ನೋವು ತಣಿಯುತ್ತದೆ. "ಉಳಿದವರು ಏನಾದ್ರು?" ಅಂತ ಯಾರಾದರೂ ಕೇಳಿದರೆ ಉತ್ತರ ಕೊಡುವ ಆತುರ ಬೇಡ. ಬಸವಣ್ಣನವರ "ಆಚಾರವೇ ಸ್ವರ್ಗ, ಅನಾಚಾರವೇ ನರಕ" ಎಂಬ ಸಾಲನ್ನೂ ಇದೇ ವಯಸ್ಸಿಗೆ ಇಟ್ಟುಕೊಳ್ಳುತ್ತೇನೆ. ಸಣ್ಣವರಿಗೆ ಅದನ್ನು ಹೇಳಿದರೆ ಮತ್ತೊಂದು ಬೆದರಿಕೆಯಾಗಿ ಕೇಳುತ್ತದೆ.

ಕೆಡುವುದು ಎಲ್ಲೆಲ್ಲಿ ಎಂದರೆ, ಮೊದಲನೆಯದು ನಗೆ. ನರಕವನ್ನು ತಮಾಷೆ ಮಾಡಿ ಹೇಳಿದರೆ ತರಗತಿ ಬಿದ್ದು ಬಿದ್ದು ನಗುತ್ತದೆ, ಹೊರಗೆ ಹೋದ ಕೂಡಲೇ "ನೀ ನರಕಕ್ಕ ಹೋಗ್ತಿ" ಎಂಬುದು ಬೈಗುಳವಾಗುತ್ತದೆ. ಅಲ್ಲಿಂದ "ಖಂಡ ತಿನ್ನೋರು ನರಕಕ್ಕ ಹೋಗ್ತಾರ", "ನಿಮ್ಮ ದೇವ್ರನ್ನ ನಂಬೋರು ಹೋಗ್ತಾರ" ಎಂಬಲ್ಲಿಗೆ ಒಂದೇ ಹೆಜ್ಜೆ. ಲಿಂಗಾಯತ, ಕುರುಬ, ಬ್ರಾಹ್ಮಣ, ಮುಸ್ಲಿಂ, ಕ್ರೈಸ್ತ ಮಕ್ಕಳು ಒಂದೇ ಜಮಖಾನದ ಮೇಲೆ ಕೂತಿರುವಾಗ ಇದು ಎಲ್ಲಕ್ಕಿಂತ ಹೆಚ್ಚು ನೋಯಿಸುವ ಮಾತು. ಇದಕ್ಕೆ ನಂತರ ಎಂಬುದಿಲ್ಲ, ಕಥೆ ಅಲ್ಲೇ ನಿಲ್ಲಿಸಬೇಕು. "ಯಾರು ಎಲ್ಲಿ ಹೋಗ್ತಾರ ಅಂತ ಹೇಳೂದು ನಮ್ಮ ಕೆಲಸ ಅಲ್ಲ. ಇಲ್ಲಿ ಕೂತವರ ಬಗ್ಗೆ, ಅವರ ಮನಿಯವರ ಬಗ್ಗೆ ಆ ಮಾತು ಆಡೂದಿಲ್ಲ." ಗದರಿಸದೆ, ಎಲ್ಲರಿಗೂ ಕೇಳುವಂತೆ ಹೇಳಿ ಮುಂದೆ ಸಾಗಬೇಕು, ಅಂದವನನ್ನು ಮೂಲೆಗೆ ನಿಲ್ಲಿಸಿದರೆ ಇನ್ನೊಂದು ಸಣ್ಣ ನರಕ ಮಾಡಿದ ಹಾಗೆ.

ಎರಡನೆಯದು ಬದಲಿ ಗುಮ್ಮ. ಯಮನನ್ನು ಬಿಟ್ಟ ಮನೆಯವರು ಪೊಲೀಸನನ್ನೋ, ಇಂಜೆಕ್ಷನ್ ಮಾಡುವ ಡಾಕ್ಟರನ್ನೋ ಕರೆತರುತ್ತಾರೆ. ಫಲ ಅದೇ, ಮೇಲಾಗಿ ಜ್ವರ ಬಂದಾಗ ದವಾಖಾನೆಗೆ ಒಯ್ಯುವುದು ಕಷ್ಟ. ಬೆದರಿಕೆ ತೆಗೆದ ಜಾಗದಲ್ಲಿ ದುರಸ್ತಿ ಇಡಬೇಕು: ಏನು ಕೆಟ್ಟಿತು, ಯಾರಿಗೆ ತ್ರಾಸಾಯಿತು, ಈಗ ನೀನು ಏನು ಮಾಡಬಲ್ಲೆ. ಅಂದಿನದು ಅಂದೇ ಮುಗಿಯಬೇಕು. ಚೆಲ್ಲಿದ ಹಾಲು ಒರೆಸುವುದು ಆರು ವರ್ಷದವರ ಕೈಯಲ್ಲಿ ಆಗುತ್ತದೆ, ಪಾಪ ತೊಳೆಯುವುದು ಆಗುವುದಿಲ್ಲ.

ಈಗಾಗಲೇ ಅಂಜಿದ ಮಗುವಿಗೆ ಕ್ರಮ ಬೇರೆ. ಮೊದಲು ಮೂಲ ಹುಡುಕಿ: ಮಾತೋ, ವಿಡಿಯೋವೋ, ಮಾತಾಗಿದ್ದರೆ ಯಾರದು, ವಿಡಿಯೋ ಆಗಿದ್ದರೆ ಯಾವ ಮೊಬೈಲಿನಲ್ಲಿ. ಅದನ್ನು ನಿಲ್ಲಿಸದೆ ಬೇರೆ ಏನು ಮಾಡಿದರೂ ಅಂಜಿಕೆ ನಿಲ್ಲದು. ಆಮೇಲೆ ತೆಗೆದ ಚಿತ್ರವನ್ನೇ ಮಗುವಿನ ಮುಂದಿಟ್ಟು "ಇದರಾಗ ಏನು ಬದಲಿ ಮಾಡ್ತಿ?" ಎಂದು ಕೇಳಿ. ಬಾಗಿಲು, ಹಗ್ಗ, ಒಲೆ ಆರಿಸಲು ನೀರು, ಯಾವುದನ್ನಾದರೂ ಮಗುವೇ ಬರೆಯಬೇಕು, ದೊಡ್ಡವರು ಬರೆದುಕೊಟ್ಟರೆ ಕೆಲಸ ಮಾಡುವುದಿಲ್ಲ. ರಾತ್ರಿ ವಾದ ಬೇಡ. ದೀಪ ಸಣ್ಣದು ಉರಿಯಲಿ, "ನಾ ಇಲ್ಲೇ ಅದೀನಿ, ನಿನ್ನ ಲೆಕ್ಕ ಯಾರೂ ಬರ್ಯಾಕತ್ತಿಲ್ಲ" ಎಂಬ ಒಂದೇ ಮಾತನ್ನು ಪ್ರತಿ ಸಲ ಅದೇ ಶಬ್ದಗಳಲ್ಲಿ ಹೇಳಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಹಿಡಿತ ಸಡಿಲಾಗುತ್ತದೆ.

ಸಡಿಲಾಗದಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಸಣ್ಣದಕ್ಕೂ ಹತ್ತು ಹತ್ತು ಸಲ "ತಪ್ಪಾತೇನು" ಎಂದು ಕೇಳಿ ಕ್ಷಮೆ ಬೇಡುತ್ತಿದ್ದರೆ, ಕೈ ತೊಳೆಯುವುದೋ ಪ್ರಾರ್ಥನೆಯೋ ಎಣಿಕೆ ಹಿಡಿದು ಮತ್ತೆ ಮತ್ತೆ ನಡೆದರೆ, ಅದು ಕಥೆಯ ತರಗತಿಯ ಕೈ ಮೀರಿದ್ದು. ಪಾಪದ ಭಯವೇ ಗೀಳಾಗಿ ಬೆಳೆಯುವುದುಂಟು, ಅದಕ್ಕೆ ಚಿಕಿತ್ಸೆಯೂ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಅಲ್ಲಿಗೆ ಹೋಗಲು ಹಿಂಜರಿಯುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಫೋನು ಮಾಡುವಾಗ "ಮಗು ಅಂಜ್ತದ" ಅಂತಷ್ಟೇ ಹೇಳಬೇಡಿ. ಯಾವಾಗಿನಿಂದ, ದಿನಕ್ಕೆ ಎಷ್ಟು ಸಲ, ಏನು ಕೇಳಿದ ಮೇಲೆ ಶುರುವಾಯಿತು, ನಿದ್ದೆ, ಊಟ, ಶಾಲೆ ಮೂರರಲ್ಲಿ ಯಾವುದು ಕೆಟ್ಟಿದೆ ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೇಳಿ.