ಗಿರಾಕಿಗಳ ಬಟ್ಟೆಗೂ ವಿಮೆ ಬೇಕು: ಟೈಲರಿಂಗ್ ಅಂಗಡಿಯ ನನ್ನ ಅನುಭವ

ದಾವಣಗೆರೆಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ನಡೆಸುತ್ತಿದ್ದೇನೆ. ವರಮಹಾಲಕ್ಷ್ಮಿ ಹಬ್ಬಕ್ಕೆ ವಾರವಿರುವಾಗ ಒಂದು ರಾತ್ರಿ ಮೇಲಿನ ಮಹಡಿಯ ನೀರಿನ ಪೈಪು ಒಡೆಯಿತು. ಬೆಳಿಗ್ಗೆ ಷಟರ್ ಎತ್ತಿದಾಗ ಕಪಾಟಿನಲ್ಲಿದ್ದ ಬಟ್ಟೆಯ ಗಂಟುಗಳೆಲ್ಲ ತೊಯ್ದು ಹೋಗಿದ್ದವು. ಫಾಲ್ಸ್ ಹಚ್ಚಲು ಬಂದಿದ್ದ ಕೆನೆಬಣ್ಣದ ರೇಷ್ಮೆ ಸೀರೆಗೆ ಪಕ್ಕದ ಕೆಂಪು ಲೈನಿಂಗ್ ಬಟ್ಟೆಯ ಬಣ್ಣ ಇಳಿದು, ಸೆರಗಿನ ಮೇಲೆ ಅಂಗೈಯಗಲದ ಕಲೆ ಕಟ್ಟಿತ್ತು. ಮಗಳ ನಿಶ್ಚಿತಾರ್ಥಕ್ಕೆಂದು ಒಬ್ಬ ತಾಯಿ ತೆಗೆದಿದ್ದ ಸೀರೆ ಅದು.

ವಿಮೆ ಇದೆಯಲ್ಲ ಎಂಬ ಧೈರ್ಯ ನನಗಿತ್ತು. ಮುದ್ರಾ ಸಾಲ ಪಡೆದಾಗ ಬ್ಯಾಂಕಿನವರೇ ವಿಮೆ ಮಾಡಿಸಿದ್ದರು. ಪ್ರತಿ ವರ್ಷ ಪ್ರೀಮಿಯಂ ನನ್ನ ಖಾತೆಯಿಂದ ಕಡಿತವಾಗುತ್ತಿತ್ತು. ಆ ಕಾಗದವನ್ನು ಮಾತ್ರ ನಾನು ಒಮ್ಮೆಯೂ ಓದಿರಲಿಲ್ಲ. ನಷ್ಟ ನೋಡಲು ಬಂದ ಸರ್ವೇಯರ್ ಗಂಟುಗಳನ್ನು ನೋಡಿ, ‘ಇವು ನಿಮ್ಮ ಮಾಲೇನಮ್ಮಾ, ಗಿರಾಕಿಗಳದ್ದಾ?’ ಎಂದು ಕೇಳಿದರು. ಪಾಲಿಸಿಯಲ್ಲಿ ಇದ್ದದ್ದು ಯಂತ್ರಗಳು ಮತ್ತು ಅಂಗಡಿಯ ಸ್ವಂತ ಸರಕು ಮಾತ್ರ. ಹಾಳಾದ ಮೋಟಾರಿಗೂ ಉಬ್ಬಿಹೋದ ಕಟಿಂಗ್ ಟೇಬಲ್ಲಿಗೂ ಪರಿಹಾರ ಬಂತು, ಸೀರೆಗಳಿಗೆ ಬರಲಿಲ್ಲ. ಆ ಹಣವನ್ನು ನಾನೇ ಕೈಯಿಂದ ಕೊಟ್ಟೆ. ಅದು ನ್ಯಾಯವೂ ಆಗಿತ್ತು, ಏಕೆಂದರೆ ಅವರು ನಂಬಿ ಒಪ್ಪಿಸಿದ್ದು ನನಗೆ.

ಮುಂದಿನ ವರ್ಷ ನಾನೇ ಕುಳಿತು ಪಾಲಿಸಿ ಮಾಡಿಸಿದೆ. ಒಂದು ಸ್ಥಳದಲ್ಲಿ ಐದು ಕೋಟಿ ರೂಪಾಯಿವರೆಗಿನ ಆಸ್ತಿ ಇರುವ ಸಣ್ಣ ಉದ್ಯಮಗಳಿಗೆಂದು 2021ರ ಏಪ್ರಿಲ್ 1ರಿಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ಪಾಲಿಸಿ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಪ್ರವಾಹ, ಗಲಭೆಗಳ ಜೊತೆಗೆ ನೀರಿನ ಟ್ಯಾಂಕು, ಪೈಪು ಒಡೆದು ಆಗುವ ಹಾನಿಯೂ ಅದರಲ್ಲಿ ಸೇರುತ್ತದೆ. ಏಜೆಂಟರ ಬಾಯಿಮಾತಿಗೆ ಒಪ್ಪದೆ, ಹೊಲಿಗೆಗಾಗಿ ಗಿರಾಕಿಗಳು ಒಪ್ಪಿಸಿರುವ ಬಟ್ಟೆಗೂ ವಿಮೆ ಇದೆ ಎಂಬ ಸಾಲನ್ನು ಮೊತ್ತದ ಸಮೇತ ಪಾಲಿಸಿಯಲ್ಲಿಯೇ ಬರೆಸಿಕೊಂಡೆ. ಇಷ್ಟು ಮಾಡಿಸಲು ಮೂರು ಸಲ ಓಡಾಡಬೇಕಾಯಿತು, ಆದರೂ ಬಿಡಲಿಲ್ಲ.

ಮೊತ್ತ ಎಷ್ಟು ಎಂಬುದೇ ಕಷ್ಟದ ಲೆಕ್ಕ. ಆಷಾಢದ ಖಾಲಿ ದಿನಗಳನ್ನು ನೋಡದೆ, ಹಬ್ಬದ ಹಿಂದಿನ ವಾರ ಅಂಗಡಿಯಲ್ಲಿ ಎಷ್ಟು ಬಟ್ಟೆ ತುಂಬಿರುತ್ತದೆ ಎಂದು ಎಣಿಸಿದೆ: ಎಪ್ಪತ್ತು ಗಂಟು, ಸರಾಸರಿ ಎರಡು ಸಾವಿರದಂತೆ 1,40,000 ರೂಪಾಯಿ. ಪ್ರೀಮಿಯಂ ಉಳಿಸಲು ಮೊತ್ತ ಕಡಿಮೆ ತೋರಿಸಿದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ನಾಲ್ಕು ಲಕ್ಷದ ಸ್ವತ್ತಿಗೆ ಎರಡು ಲಕ್ಷಕ್ಕಷ್ಟೇ ವಿಮೆ ಮಾಡಿಸಿದ್ದರೆ, ಒಂದು ಲಕ್ಷ ನಷ್ಟವಾದಾಗ ಸಿಗುವುದು ಐವತ್ತು ಸಾವಿರ. ಕೊರತೆ ಶೇ. 15ರ ಒಳಗಿದ್ದರೆ ಮಾತ್ರ ಈ ಪಾಲಿಸಿಯಲ್ಲಿ ಆ ಕಡಿತ ಇಲ್ಲ.

ಕಳ್ಳತನಕ್ಕೆ ಬೇರೆಯೇ ಪಾಲಿಸಿ ತೆಗೆದುಕೊಂಡೆ. ಬೀಗವನ್ನೋ ಷಟರನ್ನೋ ಮುರಿದ ಗುರುತಿದ್ದರಷ್ಟೇ ಅದು ಅನ್ವಯಿಸುತ್ತದೆ. ಹಗಲಲ್ಲಿ ಯಾರೋ ಗಂಟು ಎತ್ತಿಕೊಂಡು ಹೋದರೆ ಪರಿಹಾರವಿಲ್ಲ. ಇಸ್ತ್ರಿಪೆಟ್ಟಿಗೆ ತಗುಲಿ ಬ್ಲೌಸ್ ಸುಟ್ಟರೆ, ಕತ್ತರಿ ತಪ್ಪಿದರೆ, ಆ ಹೊಣೆಯೂ ನಮ್ಮದೇ. ನನ್ನಲ್ಲಿ ಕೆಲಸ ಮಾಡುವ ಇಬ್ಬರು ಹೆಣ್ಣುಮಕ್ಕಳಿಗೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದೇನೆ; ಅಪಘಾತದಲ್ಲಿ ಸಾವು ಸಂಭವಿಸಿದರೆ ಮನೆಯವರಿಗೆ ಎರಡು ಲಕ್ಷ ರೂಪಾಯಿ ಸಿಗುತ್ತದೆ.

ವಿಮೆ ಮಾಡಿಸಿದ ಮೇಲೆ ನನ್ನ ರಸೀದಿ ಪುಸ್ತಕವೂ ಬದಲಾಯಿತು. ಮೊದಲು ಹೆಸರು, ಅಳತೆ, ತಾರೀಕು ಇಷ್ಟೇ ಬರೆಯುತ್ತಿದ್ದೆ. ಈಗ ಬಟ್ಟೆ ಯಾವ ಬಗೆಯದು, ಅದರ ಬೆಲೆ ಎಷ್ಟು ಎಂದು ಗಿರಾಕಿಯನ್ನೇ ಕೇಳಿ ಬರೆದು, ಅವರ ಸಹಿ ಹಾಕಿಸಿಕೊಳ್ಳುತ್ತೇನೆ. ಪುಸ್ತಕ ಅಂಗಡಿಯಲ್ಲೇ ಇದ್ದರೆ ಬಟ್ಟೆಯೊಡನೆ ಅದೂ ನೆನೆದೋ ಸುಟ್ಟೋ ಹೋಗಬಹುದೆಂದು, ರಾತ್ರಿ ಷಟರ್ ಎಳೆಯುವ ಮುಂಚೆ ಆ ದಿನದ ಪುಟಗಳ ಫೋಟೊ ತೆಗೆದು ಮಗಳ ಮೊಬೈಲಿಗೆ ಕಳುಹಿಸುತ್ತೇನೆ.