ಕಾರ್ನ್‌ಗೆ ಹೊಟ್ಟೆ ಕೊಡಬೇಡಿ: ಹೊಸ ಬಾರ್ಬೆಕ್ಯೂ ಹೋಟೆಲ್‌ನಲ್ಲಿ ರುಚಿ ನೋಡುವುದು ಹೇಗೆ?

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಓಣಿ ತುದಿಗೆ ಹೊಸದೊಂದು ಬಾರ್ಬೆಕ್ಯೂ ಹೋಟೆಲ್ ಶುರುವಾಗಿದೆ. ಸಂಜೆ ಏಳಾದರೆ ಸಾಕು, ಸುಟ್ಟ ಮಸಾಲೆಯ ವಾಸನೆ ನಮ್ಮ ಕಟ್ಟೆವರೆಗೂ ಬರುತ್ತದೆ. ಮೊದಲ ಸಲ ಹೋದಾಗ ನಾನು ಕೂತ ಹತ್ತೇ ನಿಮಿಷದಲ್ಲಿ ಎರಡು ಪ್ಲೇಟ್ ಕ್ರಿಸ್ಪಿ ಕಾರ್ನ್, ಅದರ ಮೇಲೆ ಸುಟ್ಟ ಆಲೂನೂ ಮುಗಿಸಿದೆ. ಸರಳಿಗೆ ಹಚ್ಚಿ ಸುಡುವ ಮಟನ್ ಸೀಖ್ ಬರುವ ಹೊತ್ತಿಗೆ ಹೊಟ್ಟೆ ಕೈಕೊಟ್ಟಿತ್ತು. ಎರಡನೇ ಸಲ ಬುದ್ಧಿ ಬಂತು. ಆ ಬುದ್ಧಿ ಇಲ್ಲಿದೆ.

1. ಮೊದಲು ಒಂದು ಫೋನ್

ತಲೆಗಿಷ್ಟು ಅಂತ ರೇಟೋ, ಪ್ಲೇಟ್ ಲೆಕ್ಕವೋ ಕೇಳಿ. ತಲೆ ಲೆಕ್ಕವಾದರೆ ಮಧ್ಯಾಹ್ನಕ್ಕೂ ರಾತ್ರಿಗೂ, ವಾರದ ದಿನಕ್ಕೂ ಭಾನುವಾರಕ್ಕೂ ರೇಟ್ ಬೇರೆ ಇರಬಹುದು. ಹೇಳಿದ ರೇಟಿನಲ್ಲಿ ಜಿಎಸ್‌ಟಿ ಸೇರಿದೆಯೇ ಅನ್ನುವುದನ್ನೂ ಕೇಳಿಬಿಡಿ.

ನಮ್ಮ ಕಡೆ ಒಂದೇ ಮನೆಯಲ್ಲಿ ಮಾಂಸ ತಿನ್ನುವವರೂ ಇರುತ್ತಾರೆ, ಮುಟ್ಟದವರೂ ಇರುತ್ತಾರೆ. ಹಾಗಾಗಿ ಪನೀರಿಗೆ ಬೇರೆ ಗ್ರಿಲ್ ಇಡುತ್ತೀರಾ ಅಂತ ಕೇಳುವುದು ಮುಖ್ಯ. ಎಣ್ಣೆ ಸವರುವ ಬ್ರಶ್ ಬಗ್ಗೆಯೂ ಕೇಳಿ. ಗ್ರಿಲ್ ಬೇರೆ ಇಟ್ಟು ಬ್ರಶ್ ಒಂದೇ ಇಟ್ಟರೆ ಏನು ಬಂತು?

2. ಕೆಂಡ ನೋಡಿ

ಮೇಜಿನ ನಡುವೆ ಕೆಂಡದ ಪೆಟ್ಟಿಗೆ ಇಟ್ಟರೆ ತಕ್ಷಣ ಸೀಖ್ ಹಚ್ಚಲು ಬಿಡಬೇಡಿ. ಇದ್ದಿಲ ಮೇಲೆ ಬೂದಿ ಬಣ್ಣ ಕೂತು, ಒಳಗೆ ಕೆಂಪಗೆ ಇರಬೇಕು. ಉರಿ ಕುಣಿಯುತ್ತಿದ್ದರೆ ಮೇಲಿನ ಮಸಾಲೆ ಕರಕಲಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಬ್ರಶ್ ಸಿಕ್ಕಿತು ಅಂತ ಎಣ್ಣೆ ಸುರಿಯುವವರೂ ಇದ್ದಾರೆ. ಅದು ಕೆಂಡಕ್ಕೆ ತೊಟ್ಟಿಕ್ಕಿ ಭಗ್ ಅಂತ ಹತ್ತಿಕೊಂಡರೆ ತುಂಡಿಗೆ ಕಹಿ ಮಸಿ ಹಿಡಿಯುತ್ತದೆ. ಒಂದು ಗುಟ್ಟು ಹೇಳಲೇ? ಇಂಥ ಹೋಟೆಲ್‌ಗಳಲ್ಲಿ ಹೆಚ್ಚಿನ ಸೀಖ್ ಅಡುಗೆಮನೆಯಲ್ಲೇ ಬೆಂದು ಬಂದಿರುತ್ತವೆ. ಮೇಜಿನ ಕೆಂಡದ ಕೆಲಸ ಬಿಸಿ ಇಡುವುದು, ಅಂಚು ಸುಡುವುದು, ಅಷ್ಟೇ.

3. ಸಪ್ಪೆಯಿಂದ ಖಾರಕ್ಕೆ

ಸಾವಜಿ ಖಾರಕ್ಕೆ ಪಳಗಿದ ನಾಲಿಗೆ ನಮ್ಮದು. ಕೆಂಪಗಿರುವುದರ ಮೇಲೇ ಮೊದಲು ಕೈ ಹೋಗುತ್ತದೆ. ತಡೆಯಿರಿ. ಖಾರ, ಹುಳಿ, ಸಾಸ್ ಇವೆಲ್ಲ ಮಾಂಸದ ಕೊರತೆ ಮುಚ್ಚುತ್ತವೆ. ಕೆನೆ ಹಚ್ಚಿ ಸುಟ್ಟ ಕೋಳಿ ತುಂಡು, ಅಂದರೆ ಮಲಾಯಿ ಟಿಕ್ಕಾದಂಥ ಮಸಾಲೆ ಕಡಿಮೆ ಇರುವುದನ್ನು ಮೊದಲು ತರಿಸಿ, ಚಟ್ನಿ ಹಚ್ಚದೆ ಒಂದೇ ತುಂಡು ತಿನ್ನಿ. ಅಗಿದಾಗ ರಸ ಬರಬೇಕು. ಹಿಟ್ಟಿನಂತೆ ಪುಡಿಪುಡಿ ಆದರೆ ಪಪ್ಪಾಯಿಕಾಯಿ ಹಚ್ಚಿ ಜಾಸ್ತಿ ಹೊತ್ತು ಬಿಟ್ಟಿರಬಹುದು. ಮೊಸರಿನಲ್ಲಿ ನೆನೆದ ಕೋಳಿ ಅಷ್ಟು ಸುಲಭಕ್ಕೆ ಹಾಗಾಗುವುದಿಲ್ಲ.

ಆಮೇಲೆ ತಂಗಡಿ, ಅಂದರೆ ಕೋಳಿ ಕಾಲು. ಹೋಟೆಲ್‌ನ ನಿಜವಾದ ಪರೀಕ್ಷೆ ಇದೇ ಅಂತ ನನ್ನ ಲೆಕ್ಕ. ಎಲುಬಿಲ್ಲದ ಟಿಕ್ಕಾ ಯಾರು ಬೇಕಾದರೂ ಸುಟ್ಟಾರು. ಎಲುಬಿನ ಹತ್ತಿರದವರೆಗೆ ಬೇಯಿಸಲು ತಾಳ್ಮೆ ಬೇಕು. ಕೈಯಿಂದಲೇ ಮುರಿದು ನೋಡಿ. ಎಳೆ ಕೋಳಿಯಲ್ಲಿ ಎಲುಬಿನ ಸುತ್ತ ಸ್ವಲ್ಪ ಕೆಂಪು ಕಂಡರೂ ಬೆಂದಿರಬಹುದು, ಬಣ್ಣವೊಂದನ್ನೇ ನಂಬಬೇಡಿ. ಮಾಂಸ ಜೆಲ್ಲಿಯಂತೆ ಹೊಳೆಯುತ್ತ, ರಬ್ಬರಿನಂತೆ ಎಳೆದರೆ ಹಸಿ. ಕೋಳಿ ಒಳಗಿನವರೆಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಥರ್ಮಾಮೀಟರ್ ಹಿಡಿದು ಊಟಕ್ಕೆ ಹೋಗೋಕಾಗಲ್ಲ, ಅನುಮಾನ ಬಂದರೆ ವಾಪಸ್ ಕೊಡಿ.

ಸಂಕೋಚ ಬೇಡ. ನಾನು ಬಡಿಸುವ ಹುಡುಗನಿಗೆ, "ತಮ್ಮಾ, ಇದು ಒಳಗ ಹಸಿ ಐತಿ ನೋಡಪಾ" ಅಂದೆ. "ಹೌದ್ರಿ ಅಣ್ಣಾರ, ಬ್ಯಾರೆ ತರ್ತೀನಿ" ಅಂತ ಒಯ್ದ. ಎಂಟು ನಿಮಿಷಕ್ಕೆ ಬಂದ ಎರಡನೇ ತಂಗಡಿ ಮೊದಲಿನದಕ್ಕಿಂತ ಚೆನ್ನಾಗಿತ್ತು.

ಮಟನ್ ಸೀಖ್ ಬಿಸಿ ಇರುವಾಗಲೇ ತಿನ್ನಿ. ತಣ್ಣಗಾದರೆ ಕೊಬ್ಬು ಬಾಯಿಗೆ ಅಂಟುತ್ತದೆ. ಕಾರ್ನ್, ಆಲೂ ಕೊನೆಗೆ. ಕೆಲವು ಕಡೆ ಮೇಜಿನ ಮೇಲೆ ಚಿಕ್ಕ ಬಾವುಟ ಇಡುತ್ತಾರೆ, ಅದನ್ನು ಮಲಗಿಸಿದರೆ ಬಡಿಸುವುದು ನಿಲ್ಲಿಸುತ್ತಾರೆ. ನಡುವೆ ಒಮ್ಮೆ ಮಲಗಿಸಿ, ಉಸಿರು ಬಿಟ್ಟು, ಮತ್ತೆ ಎತ್ತಬಹುದು.

4. ಅನ್ನ, ಸಿಹಿ

ಬಿರಿಯಾನಿ ಎರಡು ತುತ್ತು ಸಾಕು. ಸಿಹಿ ಕೌಂಟರಿನ ಬ್ರೌನಿ ನಾನು ಮುಟ್ಟಲಿಲ್ಲ. ಬೆಳಗಾವಿಯಲ್ಲಿದ್ದು, ಕುಂದಾ ಬಿಟ್ಟು ಬ್ರೌನಿ ತಿನ್ನುವುದಾ? ಬರುವ ದಾರಿಯಲ್ಲಿ ಪಾವ್ ಕಿಲೋ ಕಟ್ಟಿಸಿಕೊಂಡರಾಯ್ತು.

5. ಬಿಲ್

ಸರ್ವಿಸ್ ಚಾರ್ಜ್ ಅಂತ ಒಂದು ಸಾಲು ಇದೆಯೇ ನೋಡಿ. ಅದು ಕೊಡಲೇಬೇಕಾದದ್ದಲ್ಲ. ಹೋಟೆಲ್‌ಗಳು ಅದನ್ನು ತಾವಾಗಿಯೇ ಬಿಲ್‌ಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಒಪ್ಪದಿದ್ದರೆ ತೆಗೆಯಿರಿ ಅನ್ನಿ, ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ನಾನು ಆ ಸಾಲು ತೆಗೆಸಿ, ಅದಕ್ಕಿಂತ ಸ್ವಲ್ಪ ಜಾಸ್ತಿಯನ್ನೇ ಆ ತಂಗಡಿ ಬದಲಿಸಿಕೊಟ್ಟ ಹುಡುಗನ ಕೈಗಿಟ್ಟೆ.